ಎಂಜಿನ್ ಮೇಲಿನ ಕೋಣೆ

ನಮ್ಮ ದೊಡ್ಡಪ್ಪನಷ್ಟು ಸಲ ಸಮುದ್ರಕ್ಕೆ ಹೋಗಿ, ಅವರಷ್ಟು ಕಡಿಮೆ ಸಮುದ್ರ ನೋಡಿದವರು ಇನ್ನೊಬ್ಬರಿದ್ದರೆ ನನಗೆ ತೋರಿಸಿ, ಅವರ ಕಾಲಿಗೆ ಅಡ್ಡಬೀಳುತ್ತೇನೆ! ವಿಹಾರದ ಹಡಗನ್ನು ಏಳೋ ಎಂಟೋ ಸಲ ಹತ್ತಿದ್ದಾರೆ. ಚೆನ್ನೈಯಿಂದ ಹತ್ತಿದ್ದಾರೆ, ಕೊಚ್ಚಿಯಿಂದ ಹತ್ತಿದ್ದಾರೆ, ಒಮ್ಮೆ ಸಿಂಗಪುರದವರೆಗೆ ವಿಮಾನದಲ್ಲಿ ಹೋಗಿ ಅಲ್ಲಿಂದಲೂ ಹತ್ತಿದ್ದಾರೆ. ಆದರೆ ‘ಸಮುದ್ರ ಹೇಗಿತ್ತು ದೊಡ್ಡಪ್ಪ?’ ಎಂದು ಕೇಳಿ ನೋಡಿ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ‘ಇತ್ತು ಕಣ್ಣು, ಸುತ್ತಾ ಇತ್ತು’ ಎನ್ನುತ್ತಾರೆ. ಅಲ್ಲಿಗೆ ಸಮುದ್ರದ ವರ್ಣನೆ ಮುಗಿಯಿತು. ನಮ್ಮ ಕಡೆ ಕಿರಿಯರನ್ನೆಲ್ಲ ‘ಕಣ್ಣು’ ಎಂದೇ ಕರೆಯುತ್ತಾರೆ. ನನ್ನ ತಲೆ ಅರ್ಧ ನರೆತಿದ್ದರೂ ಅವರ ಲೆಕ್ಕದಲ್ಲಿ ನಾನಿನ್ನೂ ಕಣ್ಣೇ.

ನಮ್ಮದು ಕೊಯಮತ್ತೂರಿನ ಹತ್ತಿರದ ಸೋಮನೂರು. ತಲೆತಲಾಂತರದಿಂದ ನೇಯುವ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ದೊಡ್ಡಪ್ಪನಿಗೆ ಕನ್ನಡದ ಒಂದಕ್ಷರವೂ ಓದಲು ಬರುವುದಿಲ್ಲ. ನನ್ನ ಅಮ್ಮ ಕೊಳ್ಳೇಗಾಲದ ಕಡೆಯವಳಾದ್ದರಿಂದ, ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದಳು. ಅಂದಮೇಲೆ ಈ ಬರಹ ದೊಡ್ಡಪ್ಪನ ಕೈಗೆ ಸಿಕ್ಕರೂ ಅಪಾಯವಿಲ್ಲ. ಆ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ.

ಹಡಗಿಗೆ ಹೋಗುವಾಗಲೆಲ್ಲ ದೊಡ್ಡಮ್ಮನೂ ಜೊತೆಗಿರುತ್ತಾರೆ. ದೊಡ್ಡಮ್ಮ ಮಾತಾಡುವುದಿಲ್ಲ. ಮಾತು ಬಾರದೆ ಅಲ್ಲ, ಬಿಟ್ಟುಬಿಟ್ಟಿದ್ದಾರೆ. ಗಂಡನೊಡನೆಯೂ ಇಲ್ಲ. ‘ಅವಳು ಒಂದು ಸಲ ಬಾಯ್ತುಂಬ ಬೈದ್ರೆ ಸಾಕು ಕಣ್ಣು’ ಎಂದು ದೊಡ್ಡಪ್ಪ ಆಗಾಗ ನನ್ನ ಹತ್ತಿರ ಹೇಳುವುದುಂಟು. ಆ ವಿಷಯಕ್ಕೆ ಬರುತ್ತೇನೆ. ಬರಲು ಅಷ್ಟು ಮನಸ್ಸಿಲ್ಲ, ಅದಕ್ಕೇ ಮೊದಲು ಹಡಗಿನ ಕಥೆ ಹೇಳುತ್ತಿದ್ದೇನೆ.

ಅರವತ್ತು ದಾಟುವವರೆಗೆ ದೊಡ್ಡಪ್ಪ ಪಳನಿ ಬೆಟ್ಟದಿಂದಾಚೆ ಕಾಲಿಟ್ಟವರಲ್ಲ. ಮನೆಯ ಹಿಂದೆಯೇ ಮಗ್ಗದ ಶೆಡ್. ಹಗಲೂ ರಾತ್ರಿ ಕರೆಂಟಿನ ಮಗ್ಗಗಳು ಓಡುತ್ತಿದ್ದವು. ನಮ್ಮವರು ಅದನ್ನು ತರಿ ಎನ್ನುತ್ತಾರೆ. ‘ತರಿ ನಿಲ್ಲಬಾರದು’ ಎಂಬುದು ಆ ಮನೆಯ ಕಾನೂನು. ಮದುವೆಯಿರಲಿ, ತಿಥಿಯಿರಲಿ, ಗಂಡ ಹೋದರೆ ಹೆಂಡತಿ ಶೆಡ್ಡಿನಲ್ಲಿ, ಹೆಂಡತಿ ಹೋದರೆ ಗಂಡ ಶೆಡ್ಡಿನಲ್ಲಿ. ಇಬ್ಬರೂ ಒಟ್ಟಿಗೆ ನಿಂತ ಫೋಟೋ ಅವರ ಮದುವೆಯದು ಬಿಟ್ಟರೆ ಮಗನ ಮದುವೆಯದು. ಅದರಲ್ಲೂ ದೊಡ್ಡಪ್ಪ ಶೆಡ್ಡಿನ ಕಡೆಗೇ ನೋಡುತ್ತಿದ್ದಾರೆ!

ಮಗ ತಿರುಪ್ಪೂರಿನ ಬನಿಯನ್ ವ್ಯಾಪಾರಕ್ಕೆ ಇಳಿದ. ಹಳೆಯ ಮಗ್ಗಗಳು ಗುಜರಿಗೆ ಹೋದವು. ಶೆಡ್ಡಿನ ತುಂಬ ಮಗನ ರಟ್ಟಿನ ಪೆಟ್ಟಿಗೆಗಳು ಬಂದು ಕುಳಿತವು. ಆ ಹೊತ್ತಿಗೇ ಒಂದು ನೂಲಿನ ಮಿಲ್ಲಿನವರು ಹಳೆಯ ಗಿರಾಕಿಗಳನ್ನು ಸಂಸಾರಸಮೇತ ಹಡಗಿನಲ್ಲಿ ಸುತ್ತಾಡಿಸಲು ಕರೆದುಕೊಂಡು ಹೋದರು. ದೊಡ್ಡ ಗಿರಾಕಿಗಳಿಗೆ ಬಾಲ್ಕನಿ ಕೋಣೆ, ನಡುವಿನವರಿಗೆ ಕಿಟಕಿ ಕೋಣೆ. ಮಗ್ಗ ಮಾರಿ ಕುಳಿತಿದ್ದ ದೊಡ್ಡಪ್ಪನಿಗೆ ತಳದ ಅಂತಸ್ತಿನಲ್ಲಿ, ಹಿಂಭಾಗದಲ್ಲಿ, ಎಂಜಿನ್ನಿನ ನೆತ್ತಿಯ ಮೇಲೆ ಕಿಟಕಿಯಿಲ್ಲದ ಒಂದು ಗೂಡು. ಬೇರೆ ಯಾರಾದರೂ ಆಗಿದ್ದರೆ ಜಗಳವಾಡುತ್ತಿದ್ದರು. ದೊಡ್ಡಪ್ಪ ಹಿಂತಿರುಗಿ ಬಂದವರೇ ಇನ್ನೊಂದು ಸಲ ಹೋಗಬೇಕೆಂದರು. ಅಂದಿನಿಂದ ಶೆಡ್ಡಿಗೆ ಮಗ ಕೊಡುವ ಬಾಡಿಗೆಯೆಲ್ಲ ಸಮುದ್ರದ ಪಾಲು.

ಹೀಗಾಗಿ ನಮ್ಮ ಸುತ್ತಮುತ್ತ ಹಡಗಿನ ವಿಷಯದಲ್ಲಿ ದೊಡ್ಡಪ್ಪನೇ ದೊಡ್ಡ ವಕೀಲರು. ಯಾರೇ ಹೊರಟರೂ ಮೊದಲು ಅವರ ಜಗಲಿಗೆ ಬಂದು ಕೂರುತ್ತಾರೆ. ಮೊದಲ ಸಲಹೆ ಯಾವಾಗಲೂ ಕೋಣೆಯದು.

‘ಬಾಲ್ಕನಿ ಅಂತ ಹೇಳಿ ಏಮಾರಿಸ್ತಾರೆ, ತಕೊಬೇಡ. ಎಲ್ಲಾದಕ್ಕಿಂತ ಕೆಳಗೆ, ಹಿಂದುಗಡೆ, ಎಂಜಿನ್ ಮೇಲೆ ಇರೋದು ಕೇಳು. ನೆಲ ನಡುಗ್ಬೇಕು.’

‘ನೆಲ ಯಾಕೆ ನಡುಗಬೇಕು ದೊಡ್ಡಪ್ಪ?’

‘ನಡುಗಿದ್ರೇನೇ ಅದು ಕಪ್ಪಲು. ಇಲ್ಲಾಂದ್ರೆ ಲಾಡ್ಜು.’

ಕಪ್ಪಲು ಎಂದರೆ ಹಡಗು. ಪಲ್ಲಡದ ಕೋಳಿ ಫಾರಂ ಯಜಮಾನರೊಬ್ಬರು ಈ ಮಾತನ್ನು ನಂಬಿ, ಮದುವೆಯ ವಾರ್ಷಿಕೋತ್ಸವಕ್ಕೆ ಹೆಂಡತಿಯನ್ನು ಕರೆದುಕೊಂಡು ಅಂಥದೇ ಕೋಣೆಗೆ ಹೋದರು. ವಾಪಸು ಬಂದವರು ತಮ್ಮ ಮನೆಗೂ ಹೋಗದೆ ನೇರವಾಗಿ ದೊಡ್ಡಪ್ಪನ ಮನೆಗೆ ಬಂದರು. ಕಣ್ಣೆರಡೂ ಕೆಂಡ. ಆ ಕೋಣೆಯಲ್ಲಿ ತಮ್ಮ ಕೋಳಿಗಳನ್ನು ಬಿಟ್ಟಿದ್ದರೆ ಒಂದಾದರೂ ಮೊಟ್ಟೆಯಿಡುತ್ತಿತ್ತೇ ಎಂದು ತಮಿಳಿನಲ್ಲಿ ಕೂಗಾಡಿದರು. ನಿದ್ದೆ ಹಾಳಾಗಿದ್ದಕ್ಕೆ ಹೆಂಡತಿ ಮುನಿಸಿಕೊಂಡು, ಹತ್ತಿದಾಗಿನಿಂದ ಇಳಿಯುವವರೆಗೆ ಒಂದು ಮಾತೂ ಆಡಲಿಲ್ಲವಂತೆ. ದೊಡ್ಡಪ್ಪ ಬೈಗುಳವನ್ನೆಲ್ಲ ಬಿಟ್ಟು ಈ ಕೊನೆಯ ಮಾತನ್ನು ಮಾತ್ರ ಹಿಡಿದುಕೊಂಡರು. ‘ಆ ರೂಮಲ್ಲೇ ಮಾತಾಡ್ಲಿಲ್ವಾ? ನಿಜವಾಗ್ಲೂ ಆ ರೂಮಲ್ಲೇನಾ?’ ಎಂದು ತಿರುಗಿ ತಿರುಗಿ ಕೇಳಿದರು. ಕೋಳಿಯವರು ಇದನ್ನು ಗೇಲಿ ಎಂದುಕೊಂಡು ಎದ್ದುಹೋದರು. ನಾನೂ ಹಾಗೆಯೇ ಅಂದುಕೊಂಡೆ.

ಎರಡನೆಯ ಸಲಹೆ ಕೈಚೀಲದ್ದು. ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನೆಲ್ಲ ಹಡಗಿನವರೇ ಇಸಿದುಕೊಳ್ಳುತ್ತಾರೆ, ಅವು ಕೋಣೆಗೆ ಬರುವಾಗ ಸಂಜೆಯಾಗುತ್ತದೆ. ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ ಕೈಯಲ್ಲೇ ಇರಬೇಕು. ಇದು ಅನುಭವದಿಂದ ಬಂದ ಮಾತು. ಮೊದಲ ಸಲ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ, ಮೇಲೆ ಹಗ್ಗವನ್ನೂ ಬಿಗಿದು ಕೊಟ್ಟಿದ್ದರು. ಪೆಟ್ಟಿಗೆ ಬರಲಿಲ್ಲ. ಕದ್ದೇಬಿಟ್ಟರೆಂದು ಕೋಣೆಯ ಬಾಗಿಲಲ್ಲಿ ಕಾಲು ಚಾಚಿ ಕಾವಲು ಕುಳಿತರು. ಅಷ್ಟರಲ್ಲಿ ಹಡಗು ದಡ ಬಿಟ್ಟಿತು, ಮೇಲೆ ಬ್ಯಾಂಡು ಬಾರಿಸಿತು, ಜನ ಕೈಬೀಸಿದರು. ದೊಡ್ಡಪ್ಪ ಮಾತ್ರ ಹೋಗುವ ಬರುವ ಪೆಟ್ಟಿಗೆಗಳ ಹಗ್ಗ ನೋಡುತ್ತಿದ್ದರು. ಅವತ್ತು ಸಮುದ್ರ ನೋಡದಿದ್ದುದಕ್ಕೆ ಒಂದು ಕಾರಣವಾದರೂ ಇತ್ತೆನ್ನಿ.

ಇಸ್ತ್ರಿಪೆಟ್ಟಿಗೆ ಒಯ್ಯಬೇಡ, ಕಿತ್ತಿಟ್ಟುಕೊಳ್ಳುತ್ತಾರೆ. ಇಡ್ಲಿಪುಡಿ ಒಯ್ಯಿ, ಅದನ್ನು ಕೀಳುವಷ್ಟು ಕಟುಕರಲ್ಲ. ಊಟದ ಸಾಲಿನಲ್ಲಿ ಮೊದಲು ಖಾಲಿ ತಟ್ಟೆ ಹಿಡಿದು ಒಂದು ಸುತ್ತು ಬಾ, ಆಮೇಲೆ ಬಡಿಸಿಕೊ. ಬಟ್ಟೆ ಒಣಗಿಸಲು ಹಾಸಿನ ನೂಲು, ಅಂದರೆ ಮಗ್ಗದ ಉದ್ದೆಳೆಯ ಗಟ್ಟಿ ದಾರ, ಒಯ್ಯಿ. ಈ ನೂಲಿನಿಂದ ಒಂದು ಅನಾಹುತವೂ ಆಯಿತು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ದೊಡ್ಡಪ್ಪ ನೂಲೆಳೆದು ಪಂಚೆ ಹರವಿದ್ದರು. ಕೋಣೆ ಚೊಕ್ಕಟ ಮಾಡುವಾತ ಟವೆಲ್ಲನ್ನು ಆನೆಯ ಹಾಗೆ ಮಡಚಿ, ಎರಡು ಕೈಯಲ್ಲಿ ಎತ್ತಿಕೊಂಡು, ನಗುನಗುತ್ತಾ ಒಳಗೆ ಬಂದವನು ನೂಲಿಗೆ ಸಿಕ್ಕಿಕೊಂಡ. ಕತ್ತರಿಸಿದ್ದರೆ ಒಂದು ಕ್ಷಣದ ಕೆಲಸ. ನೇಯುವವರು ಹಾಸಿನ ನೂಲಿಗೆ ಕತ್ತರಿ ಹಾಕುವುದುಂಟೇ? ಅವನನ್ನು ಹಾಗೆಯೇ ನಿಲ್ಲಿಸಿ, ಗಂಟು ಗಂಟಾಗಿ ಬಿಡಿಸಿದರು. ಆನೆ ಪಾಪ, ಅಷ್ಟು ಹೊತ್ತೂ ಅವನ ಕೈಯಲ್ಲೇ ಇತ್ತು. ಆಮೇಲಿಂದ ಆತ ಹೊರಗೆ ನಿಂತು ಕೆಮ್ಮಿಯೇ ಒಳಗೆ ಬರುತ್ತಿದ್ದನಂತೆ.

ಇನ್ನೊಮ್ಮೆ ಹಾಸಿಗೆಯ ಬಟ್ಟೆಯನ್ನು ಕಣ್ಣಿಗೆ ಹಿಡಿದು ನೋಡಿದರು. ಎಳೆ ಎಣಿಸುವ ಪುಟ್ಟ ಭೂತಗನ್ನಡಿ ಈಗಲೂ ಅವರ ಸೊಂಟದ ಚೀಲದಲ್ಲಿರುತ್ತದೆ. ನೋಡಿದವರೇ ಬಟ್ಟೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹಡಗಿನ ಕಚೇರಿಗೆ ಹೋದರು. ಅಲ್ಲಿದ್ದವಳು ತಮಿಳು ಬಲ್ಲ ಹುಡುಗಿ. ಅವಳಿಗೆ ಬಟ್ಟೆಯ ಮೇಲಿನ ಒಂದು ಗೀಟು ತೋರಿಸಿ, ನೇಯುವಾಗ ಇಲ್ಲಿ ಕರೆಂಟು ಹೋಗಿ ಮಗ್ಗ ನಿಂತು ಮತ್ತೆ ಹೊರಟಿದೆ, ಅದರ ಗುರುತು ಇದು ಎಂದು ವಿವರಿಸಿದರು. ಹಾಗಾದರೆ ಬೇರೆ ಬಟ್ಟೆ ಕಳಿಸಲೇ ಎಂದು ಅವಳು ಕೇಳಿದಳು. ‘ಬೇಡಮ್ಮಾ, ನಿಮಗೆ ತಿಳೀಲಿ ಅಂತ ಹೇಳ್ದೆ’ ಎಂದು ವಾಪಸು ಬಂದರು. ಸಂಜೆ ಕೋಣೆಗೆ ಕ್ಷಮಾಪಣೆಯ ಜೊತೆ ಒಂದು ಹಣ್ಣಿನ ಬುಟ್ಟಿ ಬಂತು. ಕ್ಷಮಿಸುವಂಥದ್ದು ಏನಾಯಿತೆಂದು ದೊಡ್ಡಪ್ಪ ಇವತ್ತಿಗೂ ಯೋಚಿಸುತ್ತಾರೆ. ಹಣ್ಣು ಚೆನ್ನಾಗಿತ್ತಂತೆ.

ಕ್ಯಾಪ್ಟನ್ನಿನ ಜೊತೆ ಊಟ ಎಂಬುದೊಂದಿದೆ. ಎಲ್ಲರೂ ಕೋಟು ಹಾಕಿಕೊಂಡು ಬರಬೇಕು. ದೊಡ್ಡಪ್ಪ ಜರಿಯಂಚಿನ ಪಂಚೆಯುಟ್ಟು, ಹಣೆಗೆ ವಿಭೂತಿ ಬಳಿದುಕೊಂಡು ಹೋದರು. ಕ್ಯಾಪ್ಟನ್ ಬಂದು ಒಬ್ಬೊಬ್ಬರ ಕೈ ಕುಲುಕಿ ಮುಂದೆ ಹೋಗುತ್ತಿದ್ದ. ಮನೆಯ ಯಜಮಾನ ಉಣ್ಣದೆ ಓಡಾಡುತ್ತಿದ್ದರೆ ನಮ್ಮ ಕಡೆಯವರ ಗಂಟಲಲ್ಲಿ ತುತ್ತು ಇಳಿಯುತ್ತದೆಯೇ? ದೊಡ್ಡಪ್ಪ ಆತನ ಕೈಯನ್ನು ಹಿಡಿದವರು ಬಿಡಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂರಿಸಿ, ತಮ್ಮ ತಟ್ಟೆಯ ಪಲ್ಯವನ್ನೇ ಮುಂದಕ್ಕೆ ತಳ್ಳಿ ತಿನ್ನಿಸಿದರು. ಹಡಗನ್ನು ಅಷ್ಟು ಹೊತ್ತು ಯಾರು ನಡೆಸುತ್ತಿದ್ದರೋ ದೇವರಿಗೇ ಗೊತ್ತು!

ಕಟ್ಟಕಡೆಯ ಸಲಹೆ, ಇಳಿಯುವ ಮೊದಲೇ ಮುಂದಿನ ಪ್ರಯಾಣ ಗೊತ್ತುಮಾಡಿಕೊಳ್ಳಬೇಕೆಂಬುದು. ದೊಡ್ಡಪ್ಪ ಒಮ್ಮೆಯೂ ಇದನ್ನು ತಪ್ಪಿಸಿಲ್ಲ. ರಿಯಾಯಿತಿಯ ಆಸೆ ಎಂದು ನಾವೆಲ್ಲ ನಗುತ್ತಿದ್ದೆವು.

ಮನೆಯಲ್ಲಿ ನಾವು ಕೊಟ್ಟ ತೀರ್ಪು, ದೊಡ್ಡಪ್ಪನಿಗೆ ಸದ್ದಿನ ಹುಚ್ಚು ಎಂದು. ಅದಕ್ಕೆ ಸಾಕ್ಷಿಯೂ ಇತ್ತು. ಮಗ್ಗ ಹೋದ ಹೊಸದರಲ್ಲಿ ಅವರು ಅಡುಗೆಮನೆಯ ರುಬ್ಬುವ ಗ್ರೈಂಡರನ್ನು ತಂದು, ದೊಡ್ಡಮ್ಮ ಕೂರುವ ಕೋಣೆಯಲ್ಲಿಟ್ಟು, ಬರಿದೇ ತಿರುಗಿಸತೊಡಗಿದರು. ಖಾಲಿ ಯಂತ್ರ ತಿರುಗುವುದನ್ನು ದೊಡ್ಡಮ್ಮನ ಕಣ್ಣು ಸಹಿಸುತ್ತದೆಯೇ? ಎದ್ದು ಹೋಗಿ ಆರಿಸಿಬಿಡುತ್ತಿದ್ದರು. ಖಾಲಿಯಾಗಿದ್ದರೆ ತಾನೇ ಎಂದು ದೊಡ್ಡಪ್ಪ ಅಕ್ಕಿ ಉದ್ದು ನೆನೆಹಾಕಿದರು. ಬೆಳಿಗ್ಗೆ ಒಂದು ಪಾತ್ರೆ ಹಿಟ್ಟು, ಸಂಜೆ ಒಂದು ಪಾತ್ರೆ ಹಿಟ್ಟು. ಮನೆಯವರು ಇಡ್ಲಿ ತಿಂದು ಸಾಕಾಗಿ ಬೀದಿಗೆ ಹಂಚಿದರು. ಕೊನೆಗೆ ಬೀದಿಯವರೂ ನಮ್ಮನ್ನು ಕಂಡರೆ ಕದ ಹಾಕಿಕೊಳ್ಳತೊಡಗಿದರು. ಸೊಸೆ ಕೈಮುಗಿದು ಗ್ರೈಂಡರನ್ನು ತನ್ನ ಸುಪರ್ದಿಗೆ ತೆಗೆದುಕೊಂಡಳು.

ಇನ್ನು ದೊಡ್ಡಮ್ಮನ ವಿಷಯ.

ಮಗ್ಗದ ಶೆಡ್ಡಿನೊಳಗೆ ಯಾರೂ ಬಾಯಲ್ಲಿ ಮಾತಾಡುವುದಿಲ್ಲ. ಆಡಿದರೂ ಕೇಳುವುದಿಲ್ಲ. ಅಲ್ಲಿ ಕೈಯೇ ಬಾಯಿ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಎಳೆ ಕಡಿದಿದೆ ಎಂದರ್ಥ. ಮೀಸೆ ತಿರುವಿದರೆ ನೂಲಿನ ಸಾಹುಕಾರ ಬಂದ. ಮೂಗಿನ ಪಕ್ಕ ಬೆರಳಿಟ್ಟರೆ ನಮ್ಮ ಅಜ್ಜಿ, ಅಂದರೆ ದೊಡ್ಡಮ್ಮನ ಅತ್ತೆ. ಅವರ ಮೂಗುಬೊಟ್ಟು ಅಷ್ಟು ದೊಡ್ಡದಿತ್ತು. ಇಷ್ಟೇ ಅಲ್ಲ, ಚಾಡಿ, ಜಗಳ, ತಮಾಷೆ, ಎಲ್ಲವೂ ಕೈಯಲ್ಲೇ. ಆ ಶೆಡ್ಡಿನಲ್ಲಿ ದೊಡ್ಡಮ್ಮನಷ್ಟು ಮಾತುಗಾರ್ತಿ ಇನ್ನೊಬ್ಬರಿರಲಿಲ್ಲ. ನಾನು ಚಿಕ್ಕವನಿದ್ದಾಗ ಅವರು ಆ ತುದಿಯ ಮಗ್ಗದ ಹತ್ತಿರ ನಿಂತು ಅಜ್ಜಿಯ ನಡಿಗೆಯನ್ನು ಎರಡು ಬೆರಳಲ್ಲಿ ನಡೆಸಿ ತೋರಿಸುತ್ತಿದ್ದರು. ಈ ತುದಿಯಲ್ಲಿ ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಕೊನೆಯ ಮಗ್ಗ ಲಾರಿ ಹತ್ತಿ ಹೋದ ದಿನ ದೊಡ್ಡಪ್ಪ ಜಗಲಿಯಲ್ಲಿ ಕುಳಿತು, ಕಾಫಿ ಕೊಡೆಂದು ದೊಡ್ಡಮ್ಮನನ್ನು ಕೂಗಿದರು. ದೊಡ್ಡಮ್ಮ ಬೆನ್ನು ತಿರುಗಿಸಿ ಅಂಗಳದಲ್ಲಿ ನಿಂತಿದ್ದರು. ಮಗ್ಗ ಮಾರಿದ ಸಿಟ್ಟೆಂದುಕೊಂಡು ಇನ್ನೊಮ್ಮೆ ಕೂಗಿದರು. ಲಾರಿ ತಿರುವಿನಲ್ಲಿ ಹಾರ್ನ್ ಹೊಡೆಯಿತು, ಬೀದಿಯ ನಾಯಿಗಳೆಲ್ಲ ಎದ್ದವು. ದೊಡ್ಡಮ್ಮ ತಿರುಗಲಿಲ್ಲ. ಆಗ ದೊಡ್ಡಪ್ಪನಿಗೆ ತಿಳಿಯಿತು. ಕೊಯಮತ್ತೂರಿನ ಡಾಕ್ಟರು ಪರೀಕ್ಷೆ ಮಾಡಿ, ಕಿವಿ ಹೋಗಿ ಬಹಳ ವರ್ಷಗಳೇ ಆಗಿವೆ, ಇಷ್ಟು ದಿನ ನೀವ್ಯಾರೂ ಗಮನಿಸಲಿಲ್ಲವೇ ಎಂದರು. ಹೇಗೆ ಗಮನಿಸುವುದು? ನಮ್ಮ ಮನೆಯಲ್ಲಿ ಯಾರೂ ಯಾರ ಮಾತನ್ನೂ ಕಿವಿಯಿಂದ ಕೇಳಿದ್ದೇ ಇಲ್ಲವಲ್ಲ.

ಕಿವಿಗೆ ಹಾಕುವ ಯಂತ್ರ ತಂದರು. ಅದರೊಳಗೆ ಜೀರುಂಡೆ ಕೂರಿಸಿದಂತಿದೆ ಎಂದು ದೊಡ್ಡಮ್ಮ ತೆಗೆದಿಟ್ಟರು. ಅನ್ನೂರಿನಲ್ಲಿ ಒಂದು ಮದುವೆಗೆ ಹೋದಾಗ, ಪಕ್ಕದವಳ ಕಿವಿಯಲ್ಲಿ ಗುಟ್ಟಾಗಿ, ‘ಹುಡುಗನಿಗೆ ಆಗಲೇ ಬೊಕ್ಕತಲೆ ಆಗ್ತಾ ಇದೆ’ ಎಂದರಂತೆ. ಅವರ ಗುಟ್ಟಿನ ದನಿ ಎಷ್ಟು ದೊಡ್ಡದೆಂದು ಅವರ ಕಿವಿಗೇ ತಿಳಿಯದು. ವಾಲಗ ನಿಂತಿದ್ದ ಹೊತ್ತು ಬೇರೆ. ಇಡೀ ಛತ್ರ ತಿರುಗಿ ನೋಡಿ ನಕ್ಕಿತು, ಮದುಮಗ ತಲೆ ಮುಟ್ಟಿಕೊಂಡ. ಜನ ಯಾಕೆ ನಕ್ಕರೆಂದು ತಿಳಿದ ಮೇಲೆ ದೊಡ್ಡಮ್ಮ ಬಾಯಿ ಮುಚ್ಚಿದರು. ದೊಡ್ಡಪ್ಪ ಹಳೆಯ ಅಭ್ಯಾಸದಂತೆ ಕೈಯಲ್ಲಿ ಮಾತಾಡಿಸಲು ಹೋದರು. ಪಡಸಾಲೆಯಲ್ಲಿ ನೆಂಟರಿದ್ದರು. ‘ನಾನೇನು ಊಮೆಯಾ, ಕೈ ಆಡ್ಸೋಕೆ?’ ಎಂದುಬಿಟ್ಟರು ದೊಡ್ಡಮ್ಮ. ಊಮೆ ಎಂದರೆ ಮಾತು ಬಾರದವಳು. ಮಗ್ಗದ ಎದುರು ಕೈಯಾಡಿಸಿದರೆ ಅದು ಕೆಲಸ, ಸದ್ದಿಲ್ಲದ ಪಡಸಾಲೆಯಲ್ಲಿ ಆಡಿಸಿದರೆ ಅವಮಾನ. ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡರು. ನಾವು ಅವರ ಬಾಯಿಂದ ಕೇಳಿದ ಕೊನೆಯ ಮಾತು ಅದೇ.

‘ತರಿ ನಿಲ್ಲಬಾರದು ಅಂತ ಕಾದು ಕುಂತೆ ಕಣ್ಣು. ಅವಳ ಕಿವಿ ನಿಂತದ್ದು ನನ್ನ ಕಣ್ಣಿಗೆ ಬೀಳ್ಲಿಲ್ಲ’ ಎಂದು ದೊಡ್ಡಪ್ಪ ಒಮ್ಮೆ ನನ್ನೆದುರು ಹೇಳಿದ್ದರು.

ಈ ಸಲ ದೊಡ್ಡಪ್ಪನ ಮೊಣಕಾಲು ಕೈಕೊಟ್ಟಿದ್ದರಿಂದ, ಜೊತೆಗೆ ನಾನೂ ಹೊರಟೆ. ಚೆನ್ನೈಯಿಂದ ಹಡಗು. ನನಗೆ ಮೇಲೆ ಕಿಟಕಿಯ ಕೋಣೆ, ಅವರಿಗೆ ಮಾಮೂಲು ಗೂಡು. ಮರುದಿನ ಮಧ್ಯಾಹ್ನ ನಾನು ಹಟ ಹಿಡಿದು ಇಬ್ಬರನ್ನೂ ಮೇಲಿನ ತೆರೆದ ಅಂತಸ್ತಿಗೆ ಕರೆದುಕೊಂಡು ಬಂದೆ. ಕಣ್ಣು ಹಾಯಿಸಿದಷ್ಟೂ ನೀಲಿ ನೀರು. ದೊಡ್ಡಮ್ಮ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಸೆರಗಿನೊಳಗಿಟ್ಟು ಸುಮ್ಮನೆ ನೋಡಿದರು. ದೊಡ್ಡಪ್ಪ ಸಮುದ್ರದ ಕಡೆ ತಿರುಗಲೇ ಇಲ್ಲ, ಅವರ ನೋಟವೆಲ್ಲ ಆ ಸೆರಗಿನ ಮೇಲೆ. ಚಹಾ ಆರುವ ಮೊದಲೇ, ‘ಸಾಕು ಕಣ್ಣು, ಕೆಳಗೆ ಹೋಗೋಣ’ ಎಂದರು. ನನಗೆ ಸಿಟ್ಟು ಬಂತು. ಸಮುದ್ರದ ನಡುವೆ ಬಂದು ಸಮುದ್ರ ನೋಡಲು ಬಿಡದವರು ಇದ್ದರೆಷ್ಟು ಬಿಟ್ಟರೆಷ್ಟು!

ಕೊನೆಯ ಬೆಳಿಗ್ಗೆ ಹಡಗು ಚೆನ್ನೈ ಬಂದರಿಗೆ ಬರುತ್ತಿತ್ತು. ಇಳಿಯುವ ಹೊತ್ತಾಯಿತೆಂದು ಕರೆಯಲು ನಾನು ತಳದ ಅಂತಸ್ತಿಗೆ ಹೋದೆ. ಆ ಮೆಟ್ಟಿಲಿಳಿಯುತ್ತಿದ್ದಂತೆಯೇ ಚಪ್ಪಲಿಯ ಕೆಳಗೆ ನೆಲ ನಡುಗತೊಡಗಿತು. ಒಂದು ಗಳಿಗೆ ನನಗೆ ಸೋಮನೂರಿನ ಶೆಡ್ಡಿಗೆ ಕಾಲಿಟ್ಟ ಹಾಗಾಯಿತು. ಕೋಣೆಯ ಬಾಗಿಲು ತೆರೆದೇ ಇತ್ತು.

ಇಬ್ಬರೂ ಚಪ್ಪಲಿ ಬಿಟ್ಟು, ಬರಿಗಾಲನ್ನು ನೆಲಕ್ಕೂರಿ, ಎರಡು ಮಂಚಗಳ ಮೇಲೆ ಎದುರುಬದುರು ಕುಳಿತಿದ್ದರು. ದೊಡ್ಡಮ್ಮ ಮಾತಾಡುತ್ತಿದ್ದರು. ಎರಡು ಕೈಯೂ ಸೆರಗಿನಿಂದ ಹೊರಗಿದ್ದವು, ಬಳೆ ಹಿಂದೆ ಸರಿದು ಮೊಣಕೈಗೆ ಬಂದಿದ್ದವು. ಬೆರಳು ಓಡುತ್ತಿದ್ದವು, ಹುಬ್ಬು ಕುಣಿಯುತ್ತಿತ್ತು. ನಡುವೆ ಒಮ್ಮೆ ದೊಡ್ಡಪ್ಪನ ಮೊಣಕಾಲಿಗೆ ಒಂದು ಏಟು ಕೊಟ್ಟರು. ದೊಡ್ಡಪ್ಪ ಮುದ್ದಿನ ಏಟು ತಿಂದ ಮಗುವಿನ ಹಾಗೆ ನಗುತ್ತಾ, ಒಂದು ಬೆರಳೂ ಕಣ್ಣು ತಪ್ಪದಂತೆ ನೋಡುತ್ತಿದ್ದರು. ಮುಂದೆ ಹೇಳೆಂದು ನಡುನಡುವೆ ತಮ್ಮ ಕೈ ತಿರುಗಿಸುತ್ತಿದ್ದರು. ಅವರು ಸದ್ದಿನ ಹುಚ್ಚರಲ್ಲ ಎಂಬುದು ನನಗೆ ಆ ಬಾಗಿಲಲ್ಲಿ ತಿಳಿಯಿತು. ಕೇಳದ ಹೆಂಡತಿಯ ಅಂಗಾಲಿಗೆ ಮಗ್ಗದ ನಡುಕವೊಂದು ಸಿಕ್ಕಿಬಿಟ್ಟರೆ ಅವಳ ಕೈ ಸೆರಗಿನಿಂದ ಹೊರಗೆ ಬರುತ್ತದೆ. ಭೂಮಿಯ ಮೇಲೆ ಅವರಿಗೆ ಅಂಥ ಜಾಗ ಉಳಿದಿರಲಿಲ್ಲ. ಮಗ್ಗ ಮಾರಿದವರು ಇನ್ನೊಬ್ಬರ ಶೆಡ್ಡಿಗೆ ಹೋಗಿ ನಿಲ್ಲುವುದು ದೊಡ್ಡಮ್ಮನಿಗೆ ಆಗದ ಮಾತು.

ದೊಡ್ಡಪ್ಪ ನನ್ನನ್ನು ಕಂಡು ಬಾಗಿಲಿಗೆ ಬಂದು, ಎಂಜಿನ್ನಿನ ಸದ್ದಿಗಿಂತ ಮೇಲೆ ಕೂಗಿ ಹೇಳಿದರು. ‘ಬೀದಿ ಹೆಂಗಸರೆಲ್ಲ ಬಸ್ಸು ಮಾಡ್ಕೊಂಡು ತಿರುಚೆಂದೂರಿಗೆ ಹೋದ್ರಲ್ಲ ಕಣ್ಣು, ಸಮುದ್ರ ಸ್ನಾನಕ್ಕೆ, ನೀನಿನ್ನೂ ಹುಟ್ಟಿರ್ಲಿಲ್ಲ. ಇವಳಿಗೆ ಇಷ್ಟ ಇಲ್ಲದೆ ಹೋಗ್ಲಿಲ್ಲ ಅಂತಾನೇ ನಾನಂದ್ಕೊಂಡಿದ್ದೆ. ಬ್ಯಾಗು ಕಟ್ಟಿ ಇಟ್ಟಿದ್ದಳಂತೆ. ಈಗ ಹೇಳ್ತಾ ಇದ್ದಾಳೆ.’

‘ಹಾಗಾದ್ರೆ ಮೊನ್ನೆ ಸಮುದ್ರ ನೋಡೋಕೆ ಬಿಡಬೇಕಿತ್ತಲ್ಲ ದೊಡ್ಡಪ್ಪ.’

‘ಮೇಲೆ ಹೋದ್ರೆ ಕೈ ಒಳಗೆ ಹೋಗ್ತದೆ. ಸಮುದ್ರ ಇರ್ತದೆ ಕಣ್ಣು, ಅದೆಲ್ಲಿಗೆ ಹೋಗ್ತದೆ?’ ಎಂದು ಹೇಳಿ, ಮತ್ತೆ ಹೋಗಿ ಕುಳಿತರು.

ದೊಡ್ಡಮ್ಮ ಬಿಟ್ಟಲ್ಲಿಂದ ಶುರುಮಾಡಿದರು. ನನಗೂ ಅಷ್ಟಿಷ್ಟು ಅರ್ಥವಾಗುತ್ತಿತ್ತು. ಬ್ಯಾಗನ್ನು ಹೆಗಲಿಗೇರಿಸಿದರು. ಮೂಗಿನ ಪಕ್ಕ ಬೆರಳಿಟ್ಟರು, ಅಜ್ಜಿ. ಅಜ್ಜಿ ಬಾಗಿಲ ಹತ್ತಿರ ಬಂದರು. ಬಂದು ಶೆಡ್ಡಿನ ಕಡೆಗೆ ಕೈ ತೋರಿಸಿದರು. ಆಮೇಲೆ ದೊಡ್ಡಮ್ಮ ದೊಡ್ಡಪ್ಪನನ್ನೇ ನೋಡುತ್ತಾ, ಅವರ ಎದೆಯ ಕಡೆ ಬೆರಳು ಚಾಚಿದರು. ಅಷ್ಟರಲ್ಲಿ ಹಡಗು ದಡ ಸೇರಿತು. ಎಂಜಿನ್ ನಿಂತಿತು.

ನಡುಕ ನೆಲದಿಂದ ಇಳಿದುಹೋಗುವುದು ನನ್ನ ಕಾಲಿಗೂ ತಿಳಿಯಿತು. ದೊಡ್ಡಮ್ಮನ ಬೆರಳು ಗಾಳಿಯಲ್ಲೇ ಸ್ವಲ್ಪ ಹೊತ್ತು ನಿಂತಿತ್ತು. ಅವರು ಬಾಗಿಲಲ್ಲಿದ್ದ ನನ್ನನ್ನು ನೋಡಿದರು, ಬಳೆಗಳನ್ನು ಮುಂದಕ್ಕೆ ತಂದುಕೊಂಡರು, ಕೈಗಳನ್ನು ಸೆರಗಿನೊಳಗೆ ಸೇರಿಸಿದರು.

‘ಆಮೇಲೆ?’ ಎಂದರು ದೊಡ್ಡಪ್ಪ. ಬಾಯಲ್ಲೇ ಕೇಳಿದರು, ಮೆಲ್ಲಗೆ. ಕೇಳಿಸುವುದಿಲ್ಲವೆಂದು ಅವರಿಗೂ ಗೊತ್ತು. ‘ನಾನೇನು ಮಾಡ್ದೆ ಆಗ?’

ದೊಡ್ಡಮ್ಮ ಎದ್ದು, ಚಪ್ಪಲಿ ಮೆಟ್ಟಿ, ಕೈಚೀಲ ತೆಗೆದುಕೊಂಡು ಹೊರಟರು. ದೊಡ್ಡಪ್ಪ ಅವರ ಬೆನ್ನನ್ನೇ ನೋಡುತ್ತಾ ಮಂಚದ ಮೇಲೆ ಕುಳಿತೇ ಇದ್ದರು. ಆಮೇಲೆ ನನ್ನ ಹೆಗಲು ಹಿಡಿದು ಮೇಲೆದ್ದರು.

‘ಇಳಿಯೋದಕ್ಕೆ ಮುಂಚೆ ಆಫೀಸಿಗೆ ಹೋಗಿ ಕೇಳ್ಕೊಂಡು ಬಾ ಕಣ್ಣು’ ಎಂದರು. ‘ಮುಂದಿನ ಕಪ್ಪಲು ಯಾವಾಗ ಅಂತ.’